ಜೀಪಿನೊಳಗೆ ಸಾಕ್ಷಿ ಕೂರಿಸುವಾಕೆ

ಕಲ್ಯಾಣದುರ್ಗದ ಹೊರಗೆ, ನೀರಿಲ್ಲದ ಹಳ್ಳದ ದಂಡೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸಾಲಾಗಿ ನಿಂತ ಜೀಪುಗಳಲ್ಲೊಂದರ ಒಳಗೆ ಹೆಂಗಸೊಬ್ಬರು ಮೊಣಕಾಲೂರಿ ಕೂತಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ, ಬಾಯಲ್ಲಿ ಕಚ್ಚಿಕೊಂಡ ಸ್ಕ್ರೂ. ತಲೆಯ ಮೇಲಿನ ಕಬ್ಬಿಣದ ಪೈಪಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಕ್ಲಾಂಪು ಬಿಗಿದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕ್ಯಾಮೆರಾವೊಂದನ್ನು ಕೂರಿಸುತ್ತಿದ್ದಾರೆ. ಹೊರಗೆ ಟೀ ಕುಡಿಯುತ್ತ ನಿಂತ ಗಂಡಸರ ಕಣ್ಣೆಲ್ಲ ಆಕೆಯ ಕೈಗಳ ಮೇಲಿದೆ.

“ಜೇಬಿಂದ ಏನಮ್ಮಾ ತೆಗ್ದಿದ್ದು?” ಒಬ್ಬರು ಕೇಳುತ್ತಾರೆ.

ಆಕೆ ಸ್ಕ್ರೂವನ್ನು ಅಂಗೈಗೆ ಉಗಿದುಕೊಂಡು, “ಬಟ್ಟೆ ಕಣಣ್ಣ. ಕನ್ನಡಕ ಒರೆಸೋ ಬಟ್ಟೆ. ಬೇಕಾದ್ರೆ ಮೂಸಿ ನೋಡು” ಎನ್ನುತ್ತಾರೆ. ಕೇಳಿದವರು ನಿಜಕ್ಕೂ ಕೈಚಾಚಿ ಅದನ್ನು ಇಸಿದುಕೊಳ್ಳುತ್ತಾರೆ. ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಡುತ್ತಾರೆ.

ಇವರು ಹಿಂದೂಪುರದ ಆದಿಲಕ್ಷ್ಮಿ. ಈ ಭಾಗದಲ್ಲಿ ಕಲ್ಲು, ಮರಳು, ಕೊರಕಲುಗಳ ಮೇಲೆ ಜೀಪು ಓಡಿಸುವ ಪಂದ್ಯ ಎಲ್ಲೇ ನಡೆದರೂ, ಎಲ್ಲ ಜೀಪುಗಳಿಗೂ ಒಳಗಿನ ಕ್ಯಾಮೆರಾ ಕೂರಿಸುವುದು ಇವರ ಕೆಲಸ. ಗೆದ್ದವರ ಫೋಟೋ ಪೇಪರಿನಲ್ಲಿ ಬರುತ್ತದೆ, ಇವರದು ಬಂದದ್ದಿಲ್ಲ. ಆದರೆ ಗೆದ್ದವರು ಯಾರೆಂದು ತೀರ್ಮಾನವಾಗುವುದು ಇವರು ಕೂರಿಸಿದ ಕ್ಯಾಮೆರಾದಿಂದಲೇ. ಪಂದ್ಯದ ದಾರಿಯ ಎರಡೂ ಬದಿ ಬಟ್ಟೆ ಕಟ್ಟಿದ ಗೂಟಗಳಿರುತ್ತವೆ. ಗೂಟಕ್ಕೆ ಚಕ್ರ ತಾಗಿದರೆ ದಂಡವಾಗಿ ಸಮಯ ಸೇರಿಸುತ್ತಾರೆ. ಪ್ರತಿ ಗೂಟದ ಹತ್ತಿರ ಮನುಷ್ಯರನ್ನು ನಿಲ್ಲಿಸಲು ಆಗದು. ಹಾಗಾಗಿ ಚಾಲಕನ ಕೈಯನ್ನೂ ಎದುರಿನ ದಾರಿಯನ್ನೂ ಒಟ್ಟಿಗೆ ನೋಡುವ ಕ್ಯಾಮೆರಾವೇ ಸಾಕ್ಷಿ.

ಈಗ ಆ ಸಾಕ್ಷಿಯನ್ನು ಕೂರಿಸುವಾಕೆಯ ಮೇಲೇ ಎಲ್ಲರ ಅನುಮಾನ.

ಹಿಂದೂಪುರದ ಕಾರ್ ಸೀಟ್ ಕವರ್ ಅಂಗಡಿಯೊಂದರಲ್ಲಿ ಆದಿಲಕ್ಷ್ಮಿ ಮೊದಲು ರೆಕ್ಸಿನ್ ಹೊಲಿಯುತ್ತಿದ್ದರು. ಟ್ಯಾಕ್ಸಿಗಳಿಗೆ ಮುಂದಿನ ಕ್ಯಾಮೆರಾ ಹಾಕಿಸುವ ರೂಢಿ ಬಂದಾಗ ವೈರು ಎಳೆಯುವುದನ್ನು ಕಲಿತರು. ಜೀಪಿನ ಪಂದ್ಯಕ್ಕೆ ಮೊದಲ ಸಲ ಕರೆದಾಗ ಟ್ಯಾಕ್ಸಿಗೆ ಹಾಕುವಂತೆಯೇ ಗಾಜಿಗೆ ರಬ್ಬರ್ ಬಟ್ಟಲು ಒತ್ತಿ ಅಂಟಿಸಿದ್ದರಂತೆ. “ಮೊದಲ್ನೇ ಗುಂಡಿಗೇ ಕಿತ್ತು ಡ್ರೈವರ್ ತೊಡೆ ಮೇಲೆ ಬಿದ್ದೋಯ್ತು. ಆವಯ್ಯ ಚೇಳು ಅಂದ್ಕೊಂಡು ಜೀಪಿಂದ ಹಾರ್ಬುಟ್ಟ” ಎಂದು ಸುದ್ದಿ ಬರೆಯಲು ಬಂದ ನನಗೆ ಹೇಳಿ ನಗುತ್ತಾರೆ. ಅಂದಿನಿಂದ ಪೈಪಿಗೆ ಕ್ಲಾಂಪು, ಕ್ಲಾಂಪಿಗೊಂದು ದಾರ. ಬಿಗಿ ತಪ್ಪಿದರೂ ಕ್ಯಾಮೆರಾ ಯಾರ ಮುಖಕ್ಕೂ ಹಾರಬಾರದು.

ಕ್ಯಾಮೆರಾ ಆರಿಸುವುದರಲ್ಲೂ ಪೆಟ್ಟು ತಿಂದೇ ಕಲಿತಿದ್ದಾರೆ. ಚಿತ್ರ ದೊಡ್ಡದಾಗಿ ಬರುತ್ತದೆಂದು ತಂದ ಕ್ಯಾಮೆರಾ ಇಲ್ಲಿನ ಬಿಸಿಲಿಗೆ ಕಾದು ನಡುದಾರಿಯಲ್ಲೇ ಆರಿಹೋಗಿತ್ತು. ಕುಲುಕಾಟ ತಡೆಯುವ ಸೌಕರ್ಯವನ್ನು ಚಾಲೂ ಮಾಡಿಟ್ಟರೆ ಹೊರಗಿನ ದಾರಿ ನಿಂತಂತೆ, ಜೀಪಿನ ಒಳಗೇ ಜೋಲಿ ಹೊಡೆದಂತೆ ಕಾಣುತ್ತಿತ್ತು. ಈಗ ಅದನ್ನು ಬಂದ್ ಮಾಡಿಬಿಡುತ್ತಾರೆ. ಜೀಪಿನೊಳಗಿನ ಕತ್ತಲಿಗೆ ಹೊಂದಿಸಿದರೆ ಹೊರಗಿನ ದಾರಿ ಬರೀ ಬಿಳಿ. “ಒಳಗೆ ವಸಿ ಕಪ್ಪಾದ್ರೂ ಪರ್ವಾಗಿಲ್ಲ, ಗೂಟ ಕಾಣ್ಬೇಕು. ಡ್ರೈವರ್ ಮೂತಿ ಯಾರ್ಗೆ ಬೇಕು?”

ಅಪವಾದ ಬಂದದ್ದು ಗೋರಂಟ್ಲದ ಪಂದ್ಯದಲ್ಲಿ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಎಣ್ಣೆಯ ಗಾಣ ಇಟ್ಟಿರುವ ಮರುಳಸಿದ್ದಪ್ಪ ಎಲ್ಲರಿಗಿಂತ ಬೇಗ ಗುರಿ ಮುಟ್ಟಿದ್ದರು. ಅವರ ಜೀಪು ದಾಟಿಹೋದ ಮೇಲೆ ತಿರುವಿನಲ್ಲಿ ಗೂಟವೊಂದು ಬಿದ್ದಿತ್ತು. ಬೀಳಿಸಿದ್ದು ಅವರೋ, ಗಾಳಿಯೋ? ಕ್ಯಾಮೆರಾ ನೋಡಿದರೆ ಶುರುವಿನಲ್ಲಿ ಚಿತ್ರ ತುಸು ಮಸುಕು, ಬರಬರುತ್ತ ಬೆಳ್ಳಗಾಗಿ, ತಿರುವಿಗೆ ಬರುವಷ್ಟರಲ್ಲಿ ಹಾಲು ಚೆಲ್ಲಿದ ಹಾಗೆ. ಮರುಳಸಿದ್ದಪ್ಪನವರ ಓಟವನ್ನೇ ರದ್ದು ಮಾಡಿ, ಬೋರ್‌ವೆಲ್ ಲಾರಿಗಳ ಮಾಲೀಕ, ಬ್ರಹ್ಮಸಮುದ್ರದ ಗಂಗರಾಜು ಅವರಿಗೆ ಗೆದ್ದವರ ಕಪ್ ಕೊಟ್ಟರು.

ತನ್ನನ್ನು ಸೋಲಿಸಲು ಗಂಗರಾಜು ಕ್ಯಾಮೆರಾದವಳನ್ನು ಕೊಂಡುಕೊಂಡಿದ್ದಾನೆ ಎಂಬುದು ಮರುಳಸಿದ್ದಪ್ಪನವರ ವಾದ. ಗೂಟ ಬೀಳಿಸಿದ ನಾಚಿಕೆ ಮುಚ್ಚಲು ಮರುಳಸಿದ್ದಪ್ಪನೇ ಕೊಂಡುಕೊಂಡಿದ್ದಾನೆ ಎಂಬುದು ಗಂಗರಾಜು ಅವರ ವಾದ.

“ಇಬ್ರ ಹತ್ರಾನೂ ದುಡ್ಡು ತಿಂದಿದ್ರೆ ಇಷ್ಟೊತ್ಗೆ ಊದ್ಕೊಂಡು ನಾನು ಈ ಜೀಪಿನ ಬಾಗ್ಲಲ್ಲಿ ಹಿಡೀತಿರ್ಲಿಲ್ಲ ಕಣಮ್ಮ” ಎನ್ನುತ್ತಾರೆ ಆದಿಲಕ್ಷ್ಮಿ. ಆದರೆ ಆ ದಿನ ಅವರಿಂದ ಒಂದು ತಪ್ಪಾಗಿದೆ. ಧೂಳು ಮೆತ್ತಿ ಬಂದ ಕ್ಯಾಮೆರಾಗಳನ್ನೆಲ್ಲ ಯಾರೂ ನೋಡುವ ಮೊದಲೇ, ಅಭ್ಯಾಸಬಲದಿಂದ ಒರೆಸಿ ಇಟ್ಟಿದ್ದರು. ಗಾಜಿನ ಮೇಲೆ ಏನಿತ್ತು ಎಂಬುದು ಆ ಬಟ್ಟೆಯೊಂದಿಗೇ ಹೋಯಿತು. “ಯಾಕೆ ಒರೆಸ್ದೆ ಅಂತಾರೆ. ಏನಂತ ಹೇಳ್ಲಿ? ಪಾತ್ರೆ ಯಾಕೆ ತೊಳ್ದೆ ಅಂದ್ರೆ ಏನ್ ಹೇಳ್ತೀರಾ?”

ಮಾತು ಹಿಂದೂಪುರಕ್ಕೂ ತಲುಪಿದೆ. ಟ್ಯಾಕ್ಸಿಯವರು ಈಗ ಬೇರೆ ಅಂಗಡಿಗೆ ಹೋಗುತ್ತಿದ್ದಾರೆ. ಪಂದ್ಯ ನಡೆಸುವ ಜಯರಾಮಪ್ಪನವರು ಇದೊಂದು ಅವಕಾಶ ಕೊಟ್ಟಿದ್ದಾರೆ: ಇವತ್ತು ಯಾವುದೇ ಜೀಪಿನ ಚಿತ್ರ ಕೆಟ್ಟರೆ ಆದಿಲಕ್ಷ್ಮಿ ಮತ್ತೆ ಕ್ಯಾಮೆರಾ ಮುಟ್ಟುವ ಹಾಗಿಲ್ಲ. ಹಿಂದೆಲ್ಲ ಕೂರಿಸುವುದು ಮುಗಿದೊಡನೆ ಟೀ ಅಂಗಡಿಯ ಕಡೆ ಹೋಗುತ್ತಿದ್ದ ಅವರು ಇವತ್ತು ಜೀಪುಗಳ ಪಕ್ಕದಲ್ಲೇ ನಿಂತಿದ್ದಾರೆ. ಎಲ್ಲರೂ ಅವರನ್ನು ಕಾಯುತ್ತಿದ್ದಾರೆ, ಅವರು ಎಲ್ಲರನ್ನೂ ಕಾಯುತ್ತಿದ್ದಾರೆ.

“ಏಮಮ್ಮಾ, ನಿನ್ ಕ್ಯಾಮೆರಾಗೆ ಪೊರೆ ಆಪರೇಷನ್ ಮಾಡಿಸ್ದಾ?” ಗಂಗರಾಜು ದೂರದಿಂದಲೇ ಕೂಗುತ್ತಾರೆ. ಸುತ್ತಲಿನವರು ನಗುತ್ತಾರೆ.

ಹೊರಡುವ ಹೊತ್ತಿಗೆ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ. ಮರುಳಸಿದ್ದಪ್ಪನವರ ತಾಯಿ ದ್ರಾಕ್ಷಾಯಣಮ್ಮ ಜೀಪಿನೊಳಗೆ ಬಗ್ಗಿ, ನೀರಲ್ಲಿ ಕಲಸಿದ ವಿಭೂತಿಯಿಂದ ಸ್ಟೇರಿಂಗಿಗೆ ಮೂರು ಗೆರೆ ಎಳೆಯುತ್ತಾರೆ. ಗೇರಿಗೆ ಮೂರು ಗೆರೆ. ಮೇಲಿನ ಪೈಪಿಗೆ. ಆಮೇಲೆ ಒದ್ದೆ ಬೆರಳು ಹಾಗೆಯೇ ಮುಂದೆ ಸರಿದು ಕ್ಯಾಮೆರಾದ ಗಾಜಿನತ್ತ ಹೋಗುತ್ತದೆ.

ಆದಿಲಕ್ಷ್ಮಿ ಅವರ ಮುಂಗೈ ಹಿಡಿದುಬಿಡುತ್ತಾರೆ.

“ಅಮ್ಮನ ಕೈ ಬಿಡು! ವಿಭೂತಿ ಹಿಡಿದಿರೋ ಕೈ ಅದು” ಎಂದು ಮರುಳಸಿದ್ದಪ್ಪ ಧಾವಿಸಿ ಬರುತ್ತಾರೆ. ಆದಿಲಕ್ಷ್ಮಿ ಬಿಡುವುದಿಲ್ಲ.

“ಅಮ್ಮೋರೇ, ಗೋರಂಟ್ಲದಾಗೂ ಇದುಕ್ಕೆ ಹಚ್ಚಿದ್ರಾ?”

“ಹಚ್ಚದೆ ಬುಡ್ತೀನಾ?” ಮುದುಕಿಗೆ ಪ್ರಶ್ನೆಯೇ ವಿಚಿತ್ರ. “ನಮ್ಮನೇಲಿ ಮೋಟರ್ ಸ್ಟಾರ್ಟರ್‌ಗೂ ಹಚ್ತೀವಿ, ತಕ್ಕಡಿಗೂ ಹಚ್ತೀವಿ. ಇದು ಊರೋರ್ನೆಲ್ಲ ನೋಡ್ತದಲ್ಲ, ಇದುಕ್ಕೆ ದೃಷ್ಟಿ ಆಗಲ್ವಾ?”

ಯಾರೋ ಕಿಸಕ್ಕನೆ ನಗುತ್ತಾರೆ. ಗಂಗರಾಜು ನಗುವುದಿಲ್ಲ. “ನಾಟಕ ಕಣ್ರೀ ಇದು. ಅಜ್ಜಿಗೆ ಪಾಠ ಹೇಳ್ಕೊಟ್ಟು ಕರ್ಕೊಂಬಂದವ್ರೆ” ಎನ್ನುತ್ತಾರೆ. ಅಂಥದ್ದೊಂದು ಸಂಶಯ ನನ್ನಲ್ಲೂ ಸುಳಿಯದೆ ಇಲ್ಲ. ಗಾಜಿಗೆ ವಿಭೂತಿ ಹಚ್ಚಿದ್ದರೆ ಹೊರಡುವ ಮುಂಚಿನ ತಪಾಸಣೆಯಲ್ಲಿ ಕಾಣಬೇಕಿತ್ತಲ್ಲ ಎಂದು ಜಯರಾಮಪ್ಪನವರೂ ಕೇಳುತ್ತಾರೆ.

ಉತ್ತರ ಕೊಡುವುದು ದ್ರಾಕ್ಷಾಯಣಮ್ಮನೇ. “ಹಸಿ ಇದ್ದಾಗ ಎಲ್ಲಿ ಕಾಣ್ತದಪ್ಪ? ಒಣಗಿದ್ಮೇಲೆ ಬೆಳ್ಳಗಾಯ್ತದೆ. ನೀನು ಹಣೆಗೆ ಹಚ್ಕಂಡಿದ್ರಲ್ವಾ ಗೊತ್ತಾಗೋದು!” ಎಂದವರೇ ಗಂಗರಾಜು ಅವರ ಜೀಪಿನ ಕನ್ನಡಿಗೆ ತೆಳ್ಳಗೆ ಮೂರು ಬೆರಳು ಎಳೆಯುತ್ತಾರೆ. ಎಲ್ಲರೂ ಕನ್ನಡಿಯ ಸುತ್ತ ಬಗ್ಗುತ್ತಾರೆ. ಮೊದಲು ನೀರಿನ ಪಸೆಯಷ್ಟೇ. ಬಿಸಿಲು ತಾಗುತ್ತಿದ್ದಂತೆ ಅಂಚಿನಿಂದ ಬಿಳುಪು ಏರುತ್ತದೆ. ಕನ್ನಡಿಯಲ್ಲಿ ಕಾಣುತ್ತಿದ್ದ ಮುಖಗಳು ಅದರ ಹಿಂದೆ ಮರೆಯಾಗುತ್ತವೆ.

“ನನ್ ಕನ್ನಡೀನೇ ಬೇಕಾಗಿತ್ತಾ ಅಜ್ಜೀ?” ಎಂದಷ್ಟೇ ಹೇಳಿ ಗಂಗರಾಜು ಹೆಗಲ ಮೇಲಿನ ಟವೆಲಿಗೆ ಕೈಹಾಕುತ್ತಾರೆ.

ಆದಿಲಕ್ಷ್ಮಿ ಕ್ಯಾಮೆರಾದ ಹಿಂಬದಿ ತೋರಿಸಿ, “ಇಲ್ಲಿ ಹಚ್ಚಿ ಅಮ್ಮೋರೇ. ಕಣ್ಣಿಗೆ ಬ್ಯಾಡ, ಬೆನ್ನಿಗೆ” ಎನ್ನುತ್ತಾರೆ. ದ್ರಾಕ್ಷಾಯಣಮ್ಮ ಒಪ್ಪುತ್ತಾರೆ. ಮರುಳಸಿದ್ದಪ್ಪ ಮಾತ್ರ ಆದಿಲಕ್ಷ್ಮಿಯ ಕಡೆ ನೋಡದೆ ಜೀಪು ಹತ್ತುತ್ತಾರೆ.

ಹಾಗೆಂದು ಅನುಮಾನ ಮುಗಿಯಿತೆಂದಲ್ಲ. ಜೀಪುಗಳು ಧೂಳೆಬ್ಬಿಸಿಕೊಂಡು ಹೋಗಿ ಹಿಂದಿರುಗುವ ತನಕ ಆದಿಲಕ್ಷ್ಮಿ ಏನೂ ತಿನ್ನುವುದಿಲ್ಲ. ಈ ಸಲ ಕ್ಯಾಮೆರಾಗಳನ್ನು ಒರೆಸುವುದೂ ಇಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತು, ಜಯರಾಮಪ್ಪನವರೇ ಕಾರ್ಡು ತೆಗೆಯಲಿ ಎನ್ನುತ್ತಾರೆ. ಶಾಮಿಯಾನದ ಕೆಳಗೆ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಮುಗಿಬೀಳುತ್ತಾರೆ.

ಒಂದಾದ ಮೇಲೊಂದು ಚಿತ್ರ ತಿಳಿಯಾಗಿ ಬರುತ್ತದೆ. ಮರುಳಸಿದ್ದಪ್ಪನವರದೂ ತಿಳಿಯಾಗಿದೆ. ಎಷ್ಟು ತಿಳಿಯೆಂದರೆ, ಹಳ್ಳ ಇಳಿಯುವಲ್ಲಿ ಅವರ ಕೈ ಸ್ಟೇರಿಂಗನ್ನು ಒಂದು ಗಳಿಗೆ ತಡವಾಗಿ ತಿರುಗಿಸಿದ್ದೂ, ಬಾನೆಟ್ಟಿನ ಎಡಕ್ಕೆ ಗೂಟವೊಂದು ಬಗ್ಗಿ ಮಾಯವಾದದ್ದೂ ಎಲ್ಲರಿಗೂ ಕಾಣುತ್ತದೆ.

“ಗಾಳಿಗೆ ಬಗ್ಗಿರೋದು ಅದು” ಎನ್ನುತ್ತಾರೆ ಮರುಳಸಿದ್ದಪ್ಪ.

ತಾಯಿ ಪರದೆಯ ಹತ್ತಿರ ಬಂದು ನೋಡುತ್ತಾರೆ. “ಗಾಳಿ ಎಲ್ಲೈತೆ ಮಗಾ? ಪಕ್ಕದ ಗೂಟದ ಬಟ್ಟೆ ಅಲ್ಲಾಡ್ತಾನೇ ಇಲ್ವಲ್ಲ.”

“ಅಮ್ಮಾ, ನೀನು ಸುಮ್ಕಿರು. ಆ ವಿಭೂತೀನೇ ಚೆನ್ನಾಗಿತ್ತು!”

ಶಾಮಿಯಾನವೆಲ್ಲ ನಗು. ಗಂಗರಾಜು ಎಲ್ಲರಿಗಿಂತ ಜೋರಾಗಿ ನಗುತ್ತಾರೆ, ಮುಂದಿನದು ತಮ್ಮದೇ ಚಿತ್ರ ಎಂದು ಗೊತ್ತಾಗುವವರೆಗೆ. ಅದರಲ್ಲೂ ಒಂದು ಗೂಟ ಬೀಳುತ್ತದೆ. ಈಗ ಇಬ್ಬರೂ ಜಯರಾಮಪ್ಪನವರ ಮೇಲೆ ಒಟ್ಟಿಗೆ ಬೀಳುತ್ತಾರೆ: ದಾರಿ ಕಿರಿದಾಯಿತು, ಗೂಟ ಒಳಗೆ ನೆಟ್ಟಿದ್ದೀರಿ, ಹಗ್ಗ ಹಿಡಿದು ಅಳೆಯೋಣ ಬನ್ನಿ. ಗಲಾಟೆಯ ನಡುವೆ ಜಯರಾಮಪ್ಪನವರು ಆದಿಲಕ್ಷ್ಮಿಯ ಕಡೆ ತಿರುಗಿ, “ಮುಂದಿನ ಸಲಾನೂ ಬಾಮ್ಮ. ಆದ್ರೆ ಹಾಕುವಾಗ ಪಕ್ದಲ್ಲಿ ನಮ್ಮೋನೊಬ್ಬ ನಿಂತಿರ್ತಾನೆ, ಬೇಜಾರು ಮಾಡ್ಕೋಬ್ಯಾಡ” ಎನ್ನುತ್ತಾರೆ.

ಬೇಜಾರಾಗಲಿಲ್ಲವೇ ಎಂದು ನಾನು ಕೇಳಿದರೆ ಆದಿಲಕ್ಷ್ಮಿ ಕ್ಲಾಂಪುಗಳನ್ನು ಚೀಲಕ್ಕೆ ತುಂಬುತ್ತ ಶಾಮಿಯಾನದ ಕಡೆ ಕತ್ತು ತಿರುಗಿಸುತ್ತಾರೆ. ಅಲ್ಲಿ ಹಗ್ಗ ತರಲು ಯಾರೋ ಓಡುತ್ತಿದ್ದಾರೆ.

“ನಿಂತ್ಕೊಳ್ಲಿ ಬುಡಮ್ಮ. ನೋಡಿ, ಜಗಳ ಎಲ್ಲಾ ಗೂಟ ನೆಟ್ಟಿದ್ರ ಮ್ಯಾಲೆ ನಡೀತಾ ಐತೆ, ಕ್ಯಾಮೆರಾ ಸುದ್ದಿ ಒಬ್ರೂ ಎತ್ತಿಲ್ಲ. ಹಿಂಗೇ ಇದ್ಬುಟ್ರೆ ಸಾಕು ನಂಗೆ.”