ಬಚ್ಚಲಿನ ಭಾಗವತನೂ ಗ್ಯಾಸ್ ಗೀಸರೂ

ನನ್ನ ಕಂಠದ ಬಗ್ಗೆ ನನಗಿರುವಷ್ಟು ಒಳ್ಳೆಯ ಅಭಿಪ್ರಾಯ ನಮ್ಮೂರು ತ್ರಾಸಿಯಲ್ಲಿ ಬೇರೆ ಯಾರಿಗೂ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಅರವತ್ತೆರಡು ವರ್ಷ ಬೇಕಾಯಿತು. ಆದರೂ ಮೈಮೇಲೆ ಬಿಸಿನೀರು ಬಿದ್ದೊಡನೆ ನಾನು ಯಕ್ಷಗಾನದ ಭಾಗವತ. ನಿವೃತ್ತ ವಿಜ್ಞಾನದ ಮೇಷ್ಟ್ರಾದ್ದರಿಂದ ಇದಕ್ಕೊಂದು ಸಮಜಾಯಿಷಿಯೂ ನನ್ನಲ್ಲಿದೆ. ಟೈಲ್ಸ್ ಹಾಕಿದ ಸಣ್ಣ ಕೋಣೆಯಲ್ಲಿ ಸ್ವರ ಗೋಡೆಗೆ ಬಡಿದು ಬಡಿದು ದಪ್ಪವಾಗುತ್ತದೆ, ಒಡಕು ಮುಚ್ಚಿಹೋಗುತ್ತದೆ. ಅದು ಹಾಡುವವನ ಕಿವಿಗೆ ಮಾತ್ರ, ಹೊರಗಿನವರಿಗೆ ಒಡಕೇ ಮೊದಲು ತಲುಪುತ್ತದೆ ಎನ್ನುವುದು ಹೆಂಡತಿ ಸರೋಜಳ ವಾದ. ಅವಳು ಓದಿದ್ದು ಕಾಮರ್ಸ್.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಗ್ಯಾಸ್ ಗೀಸರ್ ಬಂತು. ಜೋಡಿಸಲು ಬಂದವನು ಬ್ರಹ್ಮಾವರದ ಸುಧಾಕರ. ಬಚ್ಚಲನ್ನೊಮ್ಮೆ ನೋಡಿ, "ಒಳ್ಗ್ ಬ್ಯಾಡ ಮಾಷ್ಟ್ರೇ, ಹೊರ್ಗಿನ್ ಗ್ವಾಡಿಗೆ ಹಾಕ್ವ. ನೀರ್ ಮಾತ್ರ ಪೈಪಲ್ಲಿ ಒಳ್ಗ್ ಬತ್ತ್," ಎಂದ. ಸಮುದ್ರದ ಉಪ್ಪುಗಾಳಿ ನಮ್ಮ ಗೇಟು, ಸೈಕಲ್ಲು, ಕೊಡೆಯ ಕಡ್ಡಿ ಎಲ್ಲವನ್ನೂ ತಿಂದು ತೇಗಿದೆ. ಹೊಸ ಗೀಸರನ್ನೂ ಅದರ ಬಾಯಿಗೆ ಕೊಡಲು ಮನಸ್ಸಾಗದೆ, ಒಳಗೇ ಇರಲೆಂದು ನಾನು ಹಟ ಹಿಡಿದೆ. ಸುಧಾಕರ ತಲೆ ಕೆರೆದುಕೊಂಡು ಮೇಲಿನ ಕಿಂಡಿ ತೋರಿಸಿದ. "ಹಂಗಾರೆ ಇದ್ನ್ ಯಾವತ್ತೂ ಮುಚ್ಚುಕಾಗ. ಬೆಂಕಿಗೂ ಉಸ್ರ್ ಬೇಕ್ ಕಾಣಿ." ಬೆಂಕಿಗೆ ಆಮ್ಲಜನಕ ಬೇಕೆಂದು ಮೂವತ್ತು ವರ್ಷ ಪಾಠ ಮಾಡಿದವನಿಗೆ ಇವನ ಪಾಠವೇ ಎಂದು ಒಳಗೊಳಗೇ ನಕ್ಕೆ.

ಆದರೆ ಆ ಕಿಂಡಿ ಇರುವುದು ಪಕ್ಕದ ಮನೆಯ ಶಾರದಕ್ಕನ ದನದ ಹಟ್ಟಿಯ ಕಡೆಗೆ. ಒಂದು ದಿನ ಆಕೆ ಬೇಲಿಯಾಚೆಯಿಂದ ಕರೆದರು: "ಹ್ವಾಯ್ ಮಾಷ್ಟ್ರೇ, ಬೇಜಾರ್ ಮಾಡ್ಕಣ್ಬೇಡಿ. ನೀವ್ ಪದ್ಯ ತೆಗ್ದ್ ಕೂಡ್ಲೆ ನಮ್ಮನಿ ದನ ಹಾಲೇ ಕೊಡುದಿಲ್ಲೆ." ಸರೋಜಳಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ಇನ್ನಾರೂ ಬಾಯ್ ಮುಚ್ಕಣಿ," ಎಂದಳು. ಅದು ನನ್ನಿಂದಾಗದ ಕೆಲಸ. ಹಾಗಾಗಿ ಕಿಂಡಿ ಮುಚ್ಚಿದೆ. ಮಿಕ್ಸಿಯ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲನ್ನು ಅಳತೆಗೆ ಕತ್ತರಿಸಿ, ತುರುಕಿ, ಸುತ್ತಲೂ ಟೇಪು ಹಚ್ಚಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಜೀವಮಾನದಲ್ಲಿ ಮಾಡಿರಲಿಲ್ಲ. ದನ ಹಾಲು ಕೊಟ್ಟಿತು, ಶಾರದಕ್ಕ ಒಂದು ಚೊಂಬು ಮಜ್ಜಿಗೆ ಕಳಿಸಿದರು, ನಾನು ಇನ್ನೂ ಎತ್ತರದ ಸ್ವರಕ್ಕೆ ಏರಿದೆ.

ನಮ್ಮ ಅಜ್ಜಿಯ ಕಾಲದ ಹಂಡೆಯ ಒಲೆ ಒರಟು ಸ್ವಭಾವದ್ದು. ಹೊಗೆ ಹೆಚ್ಚಾದರೆ ಕಣ್ಣುರಿಸಿ, ಕೆಮ್ಮಿಸಿ, ಕತ್ತು ಹಿಡಿದು ಹೊರಗೆ ದಬ್ಬುತ್ತಿತ್ತು. ಗಾಳಿ ಸಾಲದೆ ಉರಿಯುವ ಗ್ಯಾಸ್ ಹಾಗಲ್ಲ. ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮರ್ಯಾದಸ್ಥ ನೆಂಟರ ಹಾಗೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂರುತ್ತದೆ. ಇದನ್ನು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದವನೂ ನಾನೇ.

ಹೀಗಿರುವಾಗ ಒಂದು ದಿನ ವಂಡ್ಸೆಯಲ್ಲಿ ಮದುವೆಯಿತ್ತು. ಎಣ್ಣೆ ಹಚ್ಚಿ ತಲೆಗೆ ಸ್ನಾನ, ಅಂದರೆ ಮೂರು ಬಾಲ್ದಿ ನೀರು, ಉದ್ದದೊಂದು ಯುದ್ಧದ ಪದ್ಯ. ಎರಡನೆಯ ಬಾಲ್ದಿಗೆ ತಲೆ ಸಿಡಿಯತೊಡಗಿತು. ಎಣ್ಣೆಯ ತಂಪು ಎಂದುಕೊಂಡೆ. ಕಾಲು ಸೋತವು, ವಯಸ್ಸು ಎಂದುಕೊಂಡೆ. ಆಮೇಲೆ ಮುಂದಿನ ಸಾಲೇ ನೆನಪಿಗೆ ಬರಲಿಲ್ಲ. ಒಂದು ಗಳಿಗೆ ಕೂರೋಣ ಅನಿಸಿ ಕೂತೆ. ಅಷ್ಟೇ ಗೊತ್ತು.

ಉಳಿದದ್ದು ಸರೋಜ ಹೇಳಿದ್ದು. ಅಡುಗೆಮನೆಯಲ್ಲಿದ್ದ ಅವಳಿಗೆ ಪದ್ಯ ನಡುವೆ ನಿಂತದ್ದು ಕೇಳಿತಂತೆ. ನಾನು ಪದ್ಯವನ್ನು ಅರ್ಧಕ್ಕೆ ಬಿಡುವ ಪೈಕಿಯಲ್ಲ ಎಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು? ಬಾಗಿಲು ಬಡಿದಳು, ಉತ್ತರವಿಲ್ಲ. ಹೆಗಲು ಕೊಟ್ಟು ನೂಕಿದಳು. ನಾನು ಆರು ತಿಂಗಳಿಂದ ಬದಲಿಸುತ್ತೇನೆ ಎನ್ನುತ್ತಿದ್ದ ತುಕ್ಕು ಚಿಲಕ ಎರಡೇ ಏಟಿಗೆ ಕಿತ್ತುಬಂತು. ಗೀಸರ್ ಆರಿಸಿ, ಶಾರದಕ್ಕನನ್ನು ಕೂಗಿ, ಇಬ್ಬರೂ ಸೇರಿ ನನ್ನನ್ನು ಅಂಗಳಕ್ಕೆ ಎಳೆದರು. ಸೊಂಟಕ್ಕೆ ಸುತ್ತಿದ ಮೈ ಒರೆಸುವ ಬೈರಾಸೊಂದು ಇತ್ತು, ಯಾರ ಪುಣ್ಯವೋ!

ಕುಂದಾಪುರದ ಆಸ್ಪತ್ರೆಯಲ್ಲಿ ನನಗೆ ಆಮ್ಲಜನಕ ಕೊಟ್ಟ ಡಾಕ್ಟರು ನನ್ನದೇ ಹಳೆಯ ವಿದ್ಯಾರ್ಥಿ. "ಮಾಷ್ಟ್ರೇ, ಈ ಪ್ರಶ್ನೆಗೆ ನಂಗೆ ಐದ್ರಲ್ಲಿ ಎರಡ್ ಮಾರ್ಕ್ ಕೊಟ್ಟಿದ್ರಿ. ಇವತ್ತ್ ನಿಮ್ಗ್ ಎಷ್ಟ್ ಕೊಡ್ಲಿ?" ಎಂದ. ಬಾಯಿ ಮೂಗಿಗೆ ಮಾಸ್ಕ್ ಇದ್ದದ್ದರಿಂದ ಉತ್ತರಿಸುವ ಕಷ್ಟ ತಪ್ಪಿತು.

ಈಗ ಗೀಸರ್ ಹೊರಗೋಡೆಯಲ್ಲಿದೆ, ಮೇಲೊಂದು ತಗಡಿನ ಮಾಡು. ಗೀಸರನ್ನು ಒಳಗಿಂದ ಕಿತ್ತು ಹೊರಗೆ ಹಾಕಿದ ಸುಧಾಕರ ನನ್ನನ್ನೂ ಬೈದ, ನನ್ನ ಹಟಕ್ಕೆ ಸೋತ ತನ್ನನ್ನೂ ಬೈದುಕೊಂಡ. ಪೈಪಿಗೆ ಸೋಪಿನ ನೊರೆ ಹಚ್ಚಿ ಗ್ಯಾಸ್ ಸೋರುವುದಿಲ್ಲವೆಂದು ನೋಡಿದ. "ವರ್ಷಕ್ಕೊಂದ್ಸಲ ಕರಿರಿ, ಬರ್ನರ್ ಕ್ಲೀನ್ ಮಾಡುಕೆ ಬತ್ತೆ," ಎಂದ. ಉಪ್ಪುಗಾಳಿ ಗೀಸರನ್ನು ತಿನ್ನತೊಡಗಿದೆ, ತಿನ್ನಲಿ. ಥರ್ಮೋಕೋಲನ್ನು ಸರೋಜ ತಾನೇ ಕಿತ್ತು ತುಳಿದು ಪುಡಿ ಮಾಡಿದಳು.

ಇಷ್ಟೆಲ್ಲ ಆದ ಮೇಲೆ ನನಗೂ ಮಾನ ಮರ್ಯಾದೆ ಬಂತು. ತುಟಿ ಬಿಗಿದು ಸ್ನಾನಕ್ಕಿಳಿದೆ. ಎರಡು ಚೊಂಬು ಹೊಯ್ದುಕೊಂಡಿರಲಿಲ್ಲ, ಸರೋಜ ಬಾಗಿಲು ಧಡಧಡ ಬಡಿದಳು.

"ಹ್ವಾಯ್! ಎಂತಕೆ ಸುಮ್ನಿದ್ರಿ? ಪದ್ಯ ಹೇಳಿ!"

"ಗೀಸರ್ ಈಗ ಹೊರ್ಗ್ ಇತ್ತಲ್ಲೆ ಮಾರಾಯ್ತಿ, ಇನ್ನೆಂತ ಹೆದ್ರಿಕೆ?"

"ಅದೆಲ್ಲ ನಂಗ್ ಗೊತ್ತಿಲ್ಲೆ. ಈ ಮನ್ಷ ಒಂದಿನ ಬಾಯ್ ಮುಚ್ಲಿ ಅಂದೇಳಿ ಮೂವತ್ತ್ ವರ್ಷ ದೇವ್ರಿಗೆ ಕೈ ಮುಗ್ದಿದ್ದೆ. ಅವತ್ತ್ ಮುಚ್ಚಿದ್ರಿ ಅಲ್ದಾ, ನನ್ ಜೀವವೇ ಹೋಯ್ತ್."

ಅವಳ ದನಿ ನಡುಗುತ್ತಿತ್ತು. ನಾನು ಪದ್ಯ ತೆಗೆದೆ, ಯಾವ ತಾಳಕ್ಕೂ ಸಿಗದ ಹಾಗೆ. ಮೂರು ಬಾಲ್ದಿ ಮುಗಿಯುವವರೆಗೂ ಸರೋಜ ಬಾಗಿಲ ಆಚೆ ನಿಂತೇ ಇದ್ದಳು. ನನ್ನ ಪದ್ಯವನ್ನು ಕೊನೆಯವರೆಗೂ ನಿಂತು ಕೇಳಿದವರು ಈ ಜನ್ಮದಲ್ಲಿ ಅವಳೊಬ್ಬಳೇ.