ಬೈಗುಳಕ್ಕೊಂದು ಹೊಸ ಡಿಸ್ಕು

ಸಿಂಧನೂರಿನ ದೊಡ್ಡಬಸಪ್ಪ ಲೈನ್‌ಮನ್ ಆಗಿದ್ದಷ್ಟು ಕಾಲ ಯಾರ ಮಾತನ್ನೂ ನಂಬಲಿಲ್ಲ. “ಲೈನ್ ಬಂದ್ ಆಗೈತಿ, ಹತ್ತು” ಎಂದು ಸಾಹೇಬರೇ ಹೇಳಿದರೂ ಟೆಸ್ಟರ್ ಹಿಡಿದು ನೋಡದೆ ತಂತಿ ಮುಟ್ಟಿದವನಲ್ಲ. ವಳಕಮದಿನ್ನಿ ಊರಿನ ಕಂಬಗಳನ್ನೆಲ್ಲ ಹತ್ತಿ ಇಳಿದು, ಕೈಕಾಲು ನೆಟ್ಟಗಿರುವಾಗಲೇ ನಿವೃತ್ತನಾದ.

ಸುಮ್ಮನೆ ಕೂರುವ ಜಾಯಮಾನವೇ ಅಲ್ಲ. ಮಗಳು ಬಿಸಾಕಿದ್ದ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದನ್ನು ಮನೆಯವರ ಹಾಡು, ಫೋಟೊಗಳನ್ನೆಲ್ಲ ಕೂಡಿಡುವ ಸರ್ವರ್ ಮಾಡಿದ. ಇನ್ವರ್ಟರ್ ಲೈನು ದೇವರ ಕೋಣೆಗೆ ಮಾತ್ರ ಇದ್ದುದರಿಂದ ಅದು ಲಿಂಗದ ಪಕ್ಕದಲ್ಲೇ ಕೂತಿತು. ಹೆಂಡತಿ ಕಸ್ತೂರೆಮ್ಮ “ಇದೊಂದು ಗುಂಯ್ ಅನ್ನೋ ದೇವ್ರು” ಎಂದು ಗೊಣಗುತ್ತಲೇ ಸೋಮವಾರ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು.

ಅದರಲ್ಲಿ ಭಜನೆ, ಮದುವೆ ಫೋಟೊ ಏನೇನೋ ಇದ್ದವು. ದೊಡ್ಡಬಸಪ್ಪನ ಜೀವ ಇದ್ದದ್ದು ಮಾತ್ರ ಒಂದೇ ರೆಕಾರ್ಡಿಂಗಿನಲ್ಲಿ. ತೀರಿಹೋದ ಅವ್ವ ಒಮ್ಮೆ ಅವನನ್ನು ಬೈಯುವಾಗ ಜೇಬಿನ ಫೋನು ಅದನ್ನು ತಾನಾಗಿ ಹಿಡಿದಿಟ್ಟಿತ್ತು. ಅವ್ವನ ದನಿ ಎಂದು ಉಳಿದದ್ದು ಅಷ್ಟೇ. ಹಾಡಿಲ್ಲ, ಹರಕೆಯಿಲ್ಲ, ಬರೀ ಬೈಗುಳ!

ಸರ್ವರಿನೊಳಗೆ ಇವನ್ನೆಲ್ಲ ಇಟ್ಟಿದ್ದ ಡಿಸ್ಕು ತುಂಬಿತು. ಅದು ಕೈಕೊಟ್ಟರೆ ಅವ್ವನೂ ಹೋದಳು ಎಂದು ಹೆದರಿ, ಅದೇ ಕಂಪನಿಯ, ಅದೇ ಅಳತೆಯ ಹೊಸದನ್ನು ತಂದ. ಧೂಳು ಒರೆಸಲು ಹಳೆಯದನ್ನೂ ಬಿಚ್ಚಿ ಹೊಸದರ ಜೊತೆ ತಟ್ಟೆಯಲ್ಲಿಟ್ಟ. ಹೊಸ ವಸ್ತು ಪೂಜೆಯಿಲ್ಲದೆ ಆ ಮನೆಯಲ್ಲಿ ಕೆಲಸಕ್ಕೆ ಹತ್ತುವುದಿಲ್ಲ. ಕಸ್ತೂರೆಮ್ಮ ಪೂಜೆ ಮುಗಿಸಿ ಸಾರು ನೋಡಲು ಹೋದಳು. ವಿಭೂತಿ ಇದ್ದದ್ದೇ ಹೊಸದು ಎಂದುಕೊಂಡು ದೊಡ್ಡಬಸಪ್ಪ ಕೈಗೆ ಸಿಕ್ಕ ವಿಭೂತಿಯ ಡಿಸ್ಕನ್ನು ಜೋಡಿಸಿದ. ಹೊಸ ಡಿಸ್ಕನ್ನು ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಿದರೆ ಒಳಗಿರುವುದೆಲ್ಲ ಬಟಾಬಯಲು. ಕಮಾಂಡ್ ಬರೆದು ಎಂಟರ್ ಮೇಲೆ ಬೆರಳಿಟ್ಟವನ ಕಣ್ಣು ತಟ್ಟೆಯತ್ತ ಹೋಯಿತು. ಅಲ್ಲಿ ಉಳಿದ ಡಿಸ್ಕಿನ ಮೇಲೂ ವಿಭೂತಿ!

“ಏ ಕಸ್ತೂರಿ! ಎರಡಕ್ಕೂ ಹಚ್ಚೀಯೇನ?”

“ಹೂನ್ರೀ. ಹೊಸದಕ್ಕಷ್ಟ ಹಚ್ಚಿದ್ರ ಹಳೇದಕ್ಕ ಬ್ಯಾಸರ ಆಗಾಂಗಿಲ್ಲೇನು?”

ದೊಡ್ಡಬಸಪ್ಪ ಎಂಟರ್ ಮೇಲಿಂದ ಬೆರಳು ತೆಗೆದ. “ಅವ್ವ ಯಾವುದರಾಗ ಅದಾಳಂತ ಈಗ ಹ್ಯಾಂಗ ಗೊತ್ತಾಗಬೇಕು?”

ಕಸ್ತೂರೆಮ್ಮ ಸೌಟು ಹಿಡಿದೇ ಬಂದಳು. “ಟೆಸ್ಟರ್ ಹಿಡೀದ ತಂತಿ ಮುಟ್ಟದವ್ರು, ಇದಕ್ಯಾಕ ವಿಭೂತಿ ನಂಬಿದ್ರಿ? ಒಳಗ ಏನೈತಿ ಮೊದಲ ತಗದು ನೋಡ್ರಿ. ಅತ್ತಿಯವ್ರು ಬೈದ್ರಂದ್ರ ಅದ ಹಳೇದು.”

ಕಮಾಂಡ್ ಅಳಿಸಿ, ಡಿಸ್ಕು ತೆರೆದು ನೋಡಿದ. ದೇವರ ಕೋಣೆಯಿಂದ ಅವ್ವ ಗುಡುಗಿದಳು: “ಲೇ ದೊಡ್ಡ್ಯಾ, ಊರಿಗೆಲ್ಲ ಕರೆಂಟ್ ಕೊಡಾವ, ನಮ್ಮ ಬಚ್ಚಲದಾಗ ಲೈಟ್ ಹಾಕಾಕ ಏನ್ ಧಾಡಿ ಬಂದೈತಿ ನಿನಗ?”

ಅವನು ಅಳಿಸಲು ಹೊರಟಿದ್ದು ಇದನ್ನೇ! ದೊಡ್ಡಬಸಪ್ಪನಿಗೆ ಅಳುವೇ ಬಂತು. “ಬೈ ಅವ್ವಾ, ಇನ್ನಷ್ಟು ಬೈ” ಎಂದ.

ಅವ್ವ ಕಡಿಮೆ ಮಾಡಲಿಲ್ಲ. ಮಗನನ್ನು ಮುಗಿಸಿ ಸೊಸೆಯ ಕಡೆ ತಿರುಗಿದಳು: “ನಿನ್ನ ಹೇಣ್ತಿ ಸಾರಿಗೆ ಉಪ್ಪು ಹಾಕಾದು ಯಾವಾಗ ಕಲೀತಾಳ?”

ರೆಕಾರ್ಡಿಂಗು ಈ ಮಾತಿಗೆ ಬಂದಾಗಲೆಲ್ಲ ಕಸ್ತೂರೆಮ್ಮ ಪಟ್ಟನೆ ಬಂದ್ ಮಾಡಿಬಿಡುತ್ತಿದ್ದಳು. ಇವತ್ತು ಅವಳ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

“ಇವತ್ತ ಹಾಕೀನ್ರೀ ಅತ್ತೀ,” ಎಂದಳು ಸರ್ವರಿಗೆ. “ನಿಮ್ಮ ಮಗನ ಗಾಬರ್ಯಾಗ ಎರಡು ಸಲ ಹಾಕೀನಿ.”