ಅತ್ತೆಯವರಿಗೊಂದು ಸೂರ್ಯೋದಯ

ವಿಮಾನ ರದ್ದಾಗಬಹುದಿತ್ತು. ನಾವು ಬ್ರಿಸ್ಬೇನ್‌ನಲ್ಲಿ ಇಳಿದು ಸೂಟ್‌ಕೇಸ್ ಮಾತ್ರ ಅಡಿಲೇಡ್‌ನಲ್ಲಿ ಇಳಿಯಬಹುದಿತ್ತು. ಪರ್ತ್‌ಗೂ ಬ್ರಿಸ್ಬೇನ್‌ಗೂ ಎರಡು ಗಂಟೆ ವ್ಯತ್ಯಾಸ. ಯಾವ ಊರಿನ ಸಮಯಕ್ಕೆ ಅಲಾರಂ ಹೊಡೆಯಬೇಕೆಂದು ಫೋನಿಗೇ ಗೊಂದಲವಾಗಬಹುದಿತ್ತು. ಅತ್ತೆಯವರ ಮಂಡಿ ಮುಷ್ಕರ ಹೂಡಬಹುದಿತ್ತು. ಮೋಡ ಕವಿಯಬಹುದಿತ್ತು. ಬಾಡಿಗೆ ಕಾರಿನ ಕೀ ಮರಳಿನಲ್ಲಿ ಬಿದ್ದು ಪೆಸಿಫಿಕ್ ಸಾಗರದ ಪಾಲಾಗಬಹುದಿತ್ತು. ಶಾರ್ಕ್ ಬೇರೆ ಇತ್ತು. ನಾವ್ಯಾರೂ ನೀರಿಗೆ ಇಳಿಯುವವರಲ್ಲವೆಂದು ಹೆಂಡತಿ ನೆನಪಿಸಿದಳು. ಸುನಾಮಿ ಬಂದರೆ ನೀರೇ ನಮ್ಮ ಹತ್ತಿರ ಬರುತ್ತದಲ್ಲ ಎಂದೆ. ಅವಳು ಎದ್ದು ಬೇರೆ ಕೋಣೆಗೆ ಹೋದಳು.

ಇಷ್ಟೆಲ್ಲ ತಲೆಗೆ ಹಚ್ಚಿಕೊಳ್ಳಲು ಕಾರಣ ಅತ್ತೆ. ಮೈಸೂರಿನಿಂದ ಬಂದು ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯ ನಮ್ಮ ಮನೆಯಲ್ಲಿದ್ದರು. ಪರ್ತ್‌ನವರ ಹೆಮ್ಮೆಯ ಸೂರ್ಯಾಸ್ತ ತೋರಿಸೋಣವೆಂದು ಒಂದು ಸಂಜೆ ಕಡಲತೀರಕ್ಕೆ ಕರೆದುಕೊಂಡು ಹೋದೆ.

“ಮುಳುಗೋದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ ಅಳಿಯಂದ್ರೇ? ನಮ್ಮ ಮಲ್ಪೆಲೂ ಮುಳುಗ್ತಾನೆ, ಕಾರವಾರದಲ್ಲೂ ಮುಳುಗ್ತಾನೆ. ಸಮುದ್ರದಿಂದ ಹುಟ್ಟೋದನ್ನ ನಾನು ಒಂದ್ಸಲನಾದ್ರೂ ನೋಡ್ಬೇಕು.”

ಮಾತು ನಿಜ. ನಮ್ಮ ರಾಜ್ಯಕ್ಕಿರುವುದೆಲ್ಲ ಪಡುವಣ ಕಡಲು. ನಾನಾದರೂ ಅದನ್ನು ಬಿಟ್ಟು ಬಂದು, ಹುಡುಕಿ ಹುಡುಕಿ ಇನ್ನೊಂದು ಪಡುವಣ ತೀರದಲ್ಲಿ ಮನೆ ಮಾಡಿದವನು. ಅತ್ತೆ ವಾಪಸು ಹೊರಡುವ ದಿನ ಹತ್ತಿರವಾಗಿತ್ತು. ಈ ಮಂಡಿ ಕಟ್ಟಿಕೊಂಡು ಮತ್ತೆ ವಿಮಾನ ಹತ್ತುವವಳಲ್ಲ ನಾನು ಎಂದು ಅವರೇ ಹೇಳಿಬಿಟ್ಟಿದ್ದರು. ಹಾಗಾಗಿ ಖಂಡದ ಈ ತುದಿಯಿಂದ ಆ ತುದಿಗೆ, ಬ್ರಿಸ್ಬೇನ್‌ಗೆ ಹಾರಿದೆವು.

ಆ ಊರಿಗೆ ಹೋಗುವವರಿಗೆ ನನ್ನ ಮೊದಲ ಸಲಹೆ: ನಕಾಶೆಯನ್ನು ದೊಡ್ಡದು ಮಾಡಿ ನೋಡಿ. ನಾನು ಶಾರ್ಕ್ ಬಗ್ಗೆ ಓದಿದ್ದೆ, ಸುನಾಮಿ ಬಗ್ಗೆ ಓದಿದ್ದೆ. ಊರು ಸಮುದ್ರದ ದಡದಲ್ಲೇ ಇಲ್ಲ ಎಂಬುದನ್ನು ಮಾತ್ರ ಓದಿರಲಿಲ್ಲ. ನೀರು ಕಾಣುವ ಕೋಣೆಯೇ ಬೇಕೆಂದು ಹಟ ಹಿಡಿದು ಪಡೆದಿದ್ದ ಹೋಟೆಲ್ ಕೋಣೆಯ ಪರದೆ ಸರಿಸಿದರೆ ಕೆಳಗೆ ಕಂದು ಬಣ್ಣದ ನದಿ. ಅದರ ದಂಡೆಯಲ್ಲಿ ಮರಳು ಸುರಿದು, ಈಜುಕೊಳ ಕಟ್ಟಿ, ಬೀಚ್ ಅಂತ ಹೆಸರಿಟ್ಟಿದ್ದರು.

“ಅಳಿಯಂದ್ರೇ, ಇದು ಸಮುದ್ರನಾ?”

“ಅದರ ಕಡೆಗೇ ಹೋಗ್ತಾ ಇದೆ, ಅತ್ತೆ.”

“ಹಂಗಂದ್ರೆ ನಮ್ಮ ಕಾವೇರೀನೂ ಹೋಗುತ್ತೆ.”

ನಗರವೇನೋ ಚೆನ್ನಾಗಿದೆ. ಫೆರಿಯಲ್ಲಿ ಹೋಗಿ, ಕೊನೆಯ ನಿಲ್ದಾಣದಲ್ಲಿ ಇಳಿಯದೆ ಅದರಲ್ಲೇ ವಾಪಸು ಬನ್ನಿ, ಇಳಿದರೆ ನಡೆಯಬೇಕಾಗುತ್ತದೆ. ಅಲ್ಲಿನ ಏರು ಮಡಿಕೇರಿಯದು, ಬೆವರು ಮಂಗಳೂರಿನದು. ಅತ್ತೆ ಫೆರಿಯಲ್ಲಿ ಕೂತು ಇಡೀ ದಿನ ನದಿಯನ್ನು ಸಂಶಯದಿಂದಲೇ ನೋಡಿದರು. ತೆರೆದ ಸಮುದ್ರ ಬೇಕಾದರೆ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋಗಬೇಕೆಂದು ಹೋಟೆಲ್ಲಿನ ಹುಡುಗಿ ಹೇಳಿದಳು. ಬೇಸಿಗೆಯಲ್ಲಿ ಅಲ್ಲಿನ ಸೂರ್ಯ ಐದಕ್ಕೂ ಮುಂಚೆ ಏಳುತ್ತಾನಂತೆ.

“ಡ್ಯಾಡ್, ದಿಸ್ ಈಸ್ ನಾಟ್ ಎ ಹಾಲಿಡೇ,” ಎಂದು ಮಗಳು ಮಾರನೆಯ ದಿನ ಕತ್ತಲಲ್ಲಿ ಕಾರಿನ ಹಿಂದಿನ ಸೀಟಿಗೆ ಬಿದ್ದು ಮತ್ತೆ ನಿದ್ದೆ ಹೋದಳು.

ಆಶ್ಚರ್ಯವೆಂದರೆ, ಎಲ್ಲವೂ ಸರಿಯಾಗಿತ್ತು. ಆಕಾಶ ತೊಳೆದಿಟ್ಟಂತಿತ್ತು. ಅತ್ತೆಯವರ ಮಂಡಿ ಮರಳಿನಲ್ಲೂ ಸಹಕರಿಸಿತು. ಮಡಿಸುವ ಕುರ್ಚಿಯಲ್ಲಿ ಅವರನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಮಗಳು ಫೋನ್ ಹಿಡಿದು ನಿಂತಳು. ಕಾರಿನ ಕೀ ಜೇಬಿನಿಂದ ಜಾರೀತೆಂಬ ಭಯಕ್ಕೆ ಅದನ್ನು ತಿಂಡಿಗೆಂದು ತಂದಿದ್ದ ಚಪಾತಿ ಕವರ್‌ನೊಳಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿದೆ. ಚಪಾತಿಯನ್ನು ನಮ್ಮ ಮನೆಯಲ್ಲಿ ಯಾರೂ ಎಲ್ಲೂ ಕಳೆದದ್ದಿಲ್ಲ.

ಆ ಕಡೆ ಒಂದು ಹಕ್ಕಿ ಇದೆ. ಬಿಳಿ ಮೈ, ಬೋಳು ಕಪ್ಪು ತಲೆ, ಕುಡುಗೋಲಿನಂಥ ಕೊಕ್ಕು. ಇದರ ದಾಯಾದಿಯನ್ನು ನಾವು ರಂಗನತಿಟ್ಟಿನಲ್ಲಿ ಟಿಕೆಟ್ ತೆಗೆದುಕೊಂಡು, ದೋಣಿಯಲ್ಲಿ ಕೂತು, ಉಸಿರು ಬಿಗಿಹಿಡಿದು ನೋಡುತ್ತೇವೆ. ಇಲ್ಲಿ ಇದು ಕಸದ ತೊಟ್ಟಿಯಲ್ಲಿ ಬದುಕುತ್ತದೆ, ಜನ ಬಿನ್ ಚಿಕನ್ ಎನ್ನುತ್ತಾರೆ. ಸಮುದ್ರದ ಅಂಚು ಕೆಂಪಾಗುತ್ತಿದ್ದಾಗ ಅಂಥದ್ದೊಂದು ನಿಧಾನವಾಗಿ, ಮದುವೆ ಮನೆಯ ಹಿರಿಯರ ಹಾಗೆ ನಡೆದು ಬಂದು, ಕವರ್ ಕಚ್ಚಿಕೊಂಡು ಹೊರಟಿತು.

“ಕೀ!” ಎಂದು ಕೂಗಿ ಅದರ ಹಿಂದೆ ಓಡಿದೆ.

“ರೀ, ಈ ಕಡೆ ನೋಡ್ರೀ! ಬಂದ, ಬಂದ!” ಎಂದು ಹೆಂಡತಿ ಕೂಗುತ್ತಿದ್ದದ್ದು ಕೇಳಿಸಿತು. ನಾನು ಆ ಕಡೆ ನೋಡುವ ಸ್ಥಿತಿಯಲ್ಲಿರಲಿಲ್ಲ. ಹಕ್ಕಿ ಕವರ್ ಹರಿದು, ಒಂದು ಚಪಾತಿ ಆರಿಸಿಕೊಂಡು, ಕೀ ಬಿಟ್ಟು ಹೋಯಿತು. ಕೀ ಹಿಡಿದು ತಿರುಗಿದಾಗ ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಅತ್ತೆ ಕುರ್ಚಿ ಬಿಟ್ಟು, ಯಾರ ಆಸರೆಯೂ ಇಲ್ಲದೆ, ಕೈಮುಗಿದು ನಿಂತಿದ್ದರು.

ಮಗಳು ತೆಗೆದ ವಿಡಿಯೋ ಈಗ ಮೈಸೂರಿನ ನೆಂಟರ ಫೋನುಗಳಲ್ಲೆಲ್ಲ ಇದೆ. ಅತ್ತೆ ಪ್ರತಿಯೊಬ್ಬರಿಗೂ ಖುದ್ದಾಗಿ ವಿವರಣೆ ಕೊಡುತ್ತಾರೆ:

“ಸೂರ್ಯ ಎಷ್ಟು ಚೆನ್ನಾಗಿ ಬಂದಿದ್ದಾನೆ ನೋಡಿ. ಅಡ್ಡ ಬಂದಿರೋದು ನಮ್ಮ ಅಳಿಯಂದ್ರು.”